ಹೆದ್ದಾರಿಯ ಡಂಗುರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರವಾಸ ಮಾಡಿ ಬಂದ ನಮ್ಮವರು ಅಲ್ಲಿಯ ಹೆದ್ದಾರಿಗಳ ವಿಸ್ತಾರವನ್ನೂ ವಾಹನಗಳ ವೇಗವನ್ನೂ ಬಾಯ್ತುಂಬ ವರ್ಣಿಸುವುದುಂಟು. ಆ ಹೆದ್ದಾರಿಗಳಿಗೆ ಅಡ್ಡಲಾಗಿ ಎತ್ತರದಲ್ಲಿ ನಿಲ್ಲಿಸಿರುವ ವಿದ್ಯುತ್ ಫಲಕಗಳನ್ನೂ ಅವರು ಕಂಡೇ ಇರುತ್ತಾರೆ. ಮುಂದೆ ಅಪಘಾತವಾಗಿದೆ, ಒಂದು ಪಥವನ್ನು ಮುಚ್ಚಿದೆ, ಮಂಜು ಕವಿದಿದೆ, ವೇಗವನ್ನು ತಗ್ಗಿಸಿರಿ ಎಂಬಿವೇ ಮೊದಲಾದ ವರ್ತಮಾನಗಳು ಆ ಫಲಕಗಳ ಮೇಲೆ ಬೆಳಕಿನ ಅಕ್ಷರಗಳಲ್ಲಿ ಮೂಡುತ್ತವೆ. ಆದರೆ ಒಮ್ಮೊಮ್ಮೆ ಅದೇ ಫಲಕದಲ್ಲಿ ರಸ್ತೆಗೆ ಸಂಬಂಧವೇ ಇಲ್ಲದ ಒಂದು ಬರಹ ಕಾಣಿಸಿಕೊಳ್ಳುತ್ತದೆ. ಮೇಲೆ ‘ಸಿಲ್ವರ್ ಅಲರ್ಟ್’ ಎಂಬ ಎರಡು ಶಬ್ದಗಳು. ಅದರ ಕೆಳಗೆ ಒಂದು ಮೋಟಾರು ಗಾಡಿಯ ಬಣ್ಣ, ಅದರ ಮಾದರಿ, ಅದರ ನೋಂದಣಿಯ ಸಂಖ್ಯೆ. ಅಷ್ಟೇ. ಯಾರದೋ ಮನೆಯ ಹಿರಿಯರೊಬ್ಬರು, ನೆನಪು ಕುಂದಿದವರು, ತಮ್ಮ ಗಾಡಿಯನ್ನು ತಾವೇ ನಡೆಸಿಕೊಂಡು ಹೊರಟವರು, ಮನೆಗೆ ಹಿಂದಿರುಗಿಲ್ಲ; ಈ ಗಾಡಿ ನಿಮ್ಮ ಕಣ್ಣಿಗೆ ಬಿದ್ದರೆ ಪೋಲೀಸಿನವರಿಗೆ ತಿಳಿಸಿರಿ, ಎಂಬುದು ಅದರ ತಾತ್ಪರ್ಯ. ತಲೆ ಬೆಳ್ಳಗಾದವರ ಸಲುವಾಗಿ ಹುಟ್ಟಿದ ಏರ್ಪಾಡಾದುದರಿಂದ ಇದಕ್ಕೆ ಬೆಳ್ಳಿಯ ಹೆಸರು.

ನಮ್ಮ ಹಳ್ಳಿಗಳಲ್ಲಿ ದನ ತಪ್ಪಿಸಿಕೊಂಡರೂ, ಜಾತ್ರೆಯಲ್ಲಿ ಮಗು ಕಳೆದರೂ ಡಂಗುರ ಹೊಡೆಸುವ ವಾಡಿಕೆಯಿದ್ದಿತು. ಅದೇ ಡಂಗುರವನ್ನು ಅಮೆರಿಕಾದವರು ಹೆದ್ದಾರಿಯ ಮೇಲೆ ಹೊಡೆಸುತ್ತಿದ್ದಾರೆ. ಇದು ಹೇಗೆ ಹುಟ್ಟಿತು, ಎಷ್ಟರಮಟ್ಟಿಗೆ ಪ್ರಯೋಜನಕ್ಕೆ ಬಂದಿದೆ, ಇದರಲ್ಲಿರುವ ತೊಡಕುಗಳೇನು ಎಂಬುದನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದುದಕ್ಕೆ ಒಂದು ಸ್ವಂತ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಅರವತ್ತಕ್ಕೆ ಅರಳುಮರಳು ಎಂಬ ಮಾತನ್ನು ನಾವು ಪರಿಹಾಸಕ್ಕಾಗಿ ಆಡುವುದೇ ಹೆಚ್ಚು. (ನಮಗೂ ಆ ಅರವತ್ತು ಬಹಳ ದೂರದಲ್ಲಿಲ್ಲವಾದುದರಿಂದ ಈಚೀಚೆಗೆ ಆ ಪರಿಹಾಸದಲ್ಲಿ ಅಷ್ಟು ರುಚಿ ತೋರುವುದಿಲ್ಲ.) ಆದರೆ ವೈದ್ಯರು ಡೆಮೆನ್ಷಿಯಾ ಎಂದು ಕರೆಯುವುದು ವಯಸ್ಸಿನ ಸಹಜವಾದ ಮರೆವಲ್ಲ, ಮಿದುಳಿನ ಕಣಗಳು ಕ್ರಮಕ್ರಮವಾಗಿ ನಾಶವಾಗುವ ವ್ಯಾಧಿ. ಆಲ್‌ಜೈಮರ್ ರೋಗವು ಅದರ ಮುಖ್ಯ ಪ್ರಭೇದ. ಅಮೆರಿಕಾದ ಆಲ್‌ಜೈಮರ್ ಸಂಘದ 2025ರ ವರದಿಯ ಮೇರೆಗೆ ಆ ದೇಶದಲ್ಲಿ 65 ವರ್ಷ ದಾಟಿದವರೊಳಗೆ ಸುಮಾರು 72 ಲಕ್ಷ ಮಂದಿ ಈ ರೋಗದಿಂದ ಪೀಡಿತರು. ಇಂತಹ ರೋಗಿಗಳಲ್ಲಿ ಹತ್ತರಲ್ಲಿ ಆರು ಮಂದಿ ಒಂದಲ್ಲ ಒಂದು ಸಲ ಮನೆಯಿಂದ ಹೊರಟು ದಾರಿ ತಪ್ಪುವರೆಂದು ಅದೇ ಸಂಘ ಹೇಳುತ್ತದೆ. ಹೊರಗಿನವರಿಗೆ ಅದು ಗುರಿಯಿಲ್ಲದ ಅಲೆದಾಟವಾಗಿ ಕಂಡರೂ ಅವರ ಮನಸ್ಸಿನಲ್ಲಿ ಒಂದು ಗುರಿ ಇರುತ್ತದೆ. ನಲವತ್ತು ವರ್ಷದ ಹಿಂದೆ ಬಿಟ್ಟ ಮನೆಗೆ ಅವರು ಹೋಗುತ್ತಿರುತ್ತಾರೆ. ಎಂದೋ ನಿವೃತ್ತರಾದ ಕಛೇರಿಗೆ ಹೊತ್ತಾಯಿತೆಂದು ಹೊರಡುತ್ತಾರೆ. ತೀರಿಹೋದ ತಾಯಿಯನ್ನು ನೋಡಿಬರುವೆನೆನ್ನುತ್ತಾರೆ.

ವಿಚಿತ್ರವೆಂದರೆ, ಮನಸ್ಸು ಮರೆತುದನ್ನು ಕೈಕಾಲುಗಳು ಬಹುಕಾಲ ಮರೆಯುವುದಿಲ್ಲ. ಐವತ್ತು ವರ್ಷ ಮೋಟಾರು ನಡೆಸಿದವನು ಮಗಳ ಹೆಸರನ್ನು ಮರೆತರೂ ಗಾಡಿಯನ್ನು ನಡೆಸಬಲ್ಲನು. ಎಲ್ಲಿ ತಿರುಗಬೇಕೆಂಬುದು ಮಾತ್ರ ಅವನಿಗೆ ಹೊಳೆಯುವುದಿಲ್ಲ. ಹೊಳೆಯದಿದ್ದಾಗ ನಿಲ್ಲಿಸದೆ ಮುಂದಕ್ಕೆ ಹೋಗುತ್ತಲೇ ಇರುತ್ತಾನೆ. ಕಾಲ್ನಡಿಗೆಯಲ್ಲಿ ಹೊರಟ ವೃದ್ಧರು ಗಂಟೆಗೆ ಎರಡು ಮೈಲಿ ಹೋದಾರು. ಗಾಡಿಯಲ್ಲಿ ಹೊರಟವರು ಅದೇ ಗಂಟೆಯಲ್ಲಿ ಅರವತ್ತು ಮೈಲಿ ದಾಟುತ್ತಾರೆ. ಬೆಳಗಾಗುವಷ್ಟರಲ್ಲಿ ಬೇರೊಂದು ಸಂಸ್ಥಾನದ ಗಡಿಯಲ್ಲಿ ಪೆಟ್ರೋಲು ಮುಗಿದು ನಿಲ್ಲಲೂಬಹುದು. ಮನೆಯವರು ಬೀದಿ ಬೀದಿ ಹುಡುಕಿ ಫಲವೇನು? ಅವರನ್ನು ಕಾಣಬಲ್ಲವರು ಆ ರಸ್ತೆಯಲ್ಲಿ ಅವರ ಹಿಂದೆ ಮುಂದೆ ಹೋಗುತ್ತಿರುವ ಅಪರಿಚಿತರು ಮಾತ್ರ. ಹೆದ್ದಾರಿಯ ಫಲಕವು ಈ ಕೆಲಸಕ್ಕೆ ಒದಗಿದುದು ಈ ಕಾರಣದಿಂದ.

ಇದರ ಹಿರಿಯ ಸೋದರವೆನ್ನಬಹುದಾದುದು ‘ಆಂಬರ್ ಅಲರ್ಟ್’. 1996ರಲ್ಲಿ ಟೆಕ್ಸಾಸ್ ಸಂಸ್ಥಾನದ ಆರ್ಲಿಂಗ್ಟನ್ ಪಟ್ಟಣದಲ್ಲಿ ಸೈಕಲ್ಲು ತುಳಿಯುತ್ತಿದ್ದ ಒಂಬತ್ತು ವರ್ಷದ ಬಾಲಿಕೆಯನ್ನು ದುಷ್ಟನೊಬ್ಬನು ಅಪಹರಿಸಿ ಕೊಂದನು. ಹವಾಮಾನದ ಎಚ್ಚರಿಕೆಯನ್ನು ಕೊಡುವ ರೇಡಿಯೋ ನಿಲಯಗಳು ಅಪಹೃತ ಮಗುವಿನ ವಿಷಯವನ್ನೂ ಒಡನೆಯೇ ಸಾರಬಾರದೇಕೆ ಎಂಬ ಪ್ರಶ್ನೆ ಎದ್ದು, ಆ ಮಗುವಿನ ಹೆಸರಿನಲ್ಲಿಯೇ ಒಂದು ಪದ್ಧತಿ ಹುಟ್ಟಿತು. 2002ರಲ್ಲಿ ಹೆದ್ದಾರಿಯ ಫಲಕಗಳನ್ನು ಇದಕ್ಕೆ ಬಳಸುವ ವಿಷಯವಾಗಿ ಕೇಂದ್ರ ಹೆದ್ದಾರಿ ಇಲಾಖೆಯಿಂದ ಸೂಚನೆ ಹೊರಟಿತು. 2003ರಲ್ಲಿ ರಾಷ್ಟ್ರದ ಶಾಸನವೂ ಆಯಿತು. ಮಕ್ಕಳ ಸಲುವಾಗಿ ಕಟ್ಟಿದ ಈ ಯಂತ್ರವನ್ನು ವೃದ್ಧರ ಸಲುವಾಗಿಯೂ ಏಕೆ ತಿರುಗಿಸಬಾರದೆಂದು ಕೇಳಿದವರಲ್ಲಿ ಓಕ್ಲಹೋಮಾ ಶಾಸನಸಭೆಯ ಸದಸ್ಯರಾದ ಫ್ರೆಡ್ ಪೆರಿಯವರು ಮೊದಲಿಗರು. 2005ರ ಡಿಸೆಂಬರಿನಲ್ಲಿ ಅವರು ಮಾಡಿದ ಸೂಚನೆಯನ್ನನುಸರಿಸಿ 2006ರಲ್ಲಿ ಅಲ್ಲಿಯ ಪ್ರತಿನಿಧಿ ಸಭೆ ನಿರ್ಣಯವನ್ನು ಅಂಗೀಕರಿಸಿತು.

ಅದೇ ವರ್ಷ ಜಾರ್ಜಿಯಾ ಸಂಸ್ಥಾನದಲ್ಲಿ ‘ಮ್ಯಾಟೀಸ್ ಕಾಲ್’ ಎಂಬ ಕಾನೂನು ಜಾರಿಗೆ ಬಂದಿತು. ಆ ಹೆಸರಿನ ಹಿಂದೆ ಒಬ್ಬ ವೃದ್ಧೆಯ ಕಥೆಯಿದೆ. ಅಟ್ಲಾಂಟಾ ನಗರದ ಆಕೆಗೆ 68 ವರ್ಷ, ಮರೆವಿನ ರೋಗ. 2004ರಲ್ಲಿ ಮನೆ ಬಿಟ್ಟು ಹೊರಟವರು ಕಣ್ಮರೆಯಾದರು. ತಿಂಗಳುಗಟ್ಟಲೆ ಕಳೆದ ಮೇಲೆ ಅವರ ಶರೀರ ಸಿಕ್ಕಿತು. ಎಲ್ಲಿ? ಮನೆಯ ಸಮೀಪದ ಕಾಡಿನಲ್ಲಿಯೇ.

ಫ್ಲಾರಿಡಾದ ಸಂಗತಿ ಇದಕ್ಕೆ ತೀರ ಭಿನ್ನವಾದುದು. ನಿವೃತ್ತರು ಬಿಸಿಲನ್ನು ಬಯಸಿ ಬಂದು ನೆಲೆಸುವ ಆ ಸಂಸ್ಥಾನದಲ್ಲಿ ವೃದ್ಧರ ಸಂಖ್ಯೆ ಬಹಳ. 2008ರ ಫೆಬ್ರವರಿಯಲ್ಲಿ ಅಲ್ಲಿಯ ಲಾರ್ಗೋ ಪಟ್ಟಣದ ಒಂದು ವೃದ್ಧಾಶ್ರಮದಿಂದ 86 ವರ್ಷದ ಒಬ್ಬ ಮಹಿಳೆ ತಮ್ಮ ಗಾಡಿಯಲ್ಲಿ ಹೊರಟರು. ಹಿಂದಿರುಗಲಿಲ್ಲ. ಹತ್ತಿರದ ಕ್ಲಿಯರ್‌ವಾಟರಿನ ಜಲಮಾರ್ಗದಲ್ಲಿ ಗಾಡಿ ಮುಳುಗಿ ಅವರು ಮೃತರಾದರು. ಅವರ ಕುಟುಂಬದವರು ದುಃಖದಲ್ಲಿಯೇ ಕುಳಿತಿರದೆ ಪೋಲೀಸಿನವರೊಡನೆ ಸೇರಿ ಒಂದು ಯೋಜನೆಯನ್ನು ಸಿದ್ಧಪಡಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಗವರ್ನರ್ ಚಾರ್ಲಿ ಕ್ರಿಸ್ಟ್ ಅವರು ಆಜ್ಞೆ ಹೊರಡಿಸಿ ಅದನ್ನು ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. 2011ರಲ್ಲಿ ಅದಕ್ಕೆ ಶಾಸನದ ಬೆಂಬಲವೂ ದೊರೆಯಿತು. ಇಂದು ಫ್ಲಾರಿಡಾ ಒಂದರಲ್ಲಿಯೇ ವರ್ಷಕ್ಕೆ ನೂರಾರು ಬಾರಿ ಈ ಎಚ್ಚರಿಕೆ ಹೊರಡುತ್ತದೆ.

ಅಮೆರಿಕಾದ ಕೇಂದ್ರ ಶಾಸನಸಭೆ ಇದಕ್ಕೆ ಒಂದೇ ಕಾನೂನನ್ನು ಮಾಡಲು ಯತ್ನಿಸದೆ ಇರಲಿಲ್ಲ. 2008ರಲ್ಲಿಯೂ 2009ರಲ್ಲಿಯೂ ಕೆಳಮನೆ ಮಸೂದೆಯನ್ನು ಅಂಗೀಕರಿಸಿತು. ಮೇಲ್ಮನೆಯಲ್ಲಿ ಅದು ದಡ ಸೇರಲಿಲ್ಲ. ಆದಕಾರಣ ಪ್ರತಿಯೊಂದು ಸಂಸ್ಥಾನಕ್ಕೂ ಅದರದೇ ನಿಯಮ. ಫ್ಲಾರಿಡಾದಲ್ಲಿ ವಯೋಮಿತಿ 60. ನಮ್ಮ ಗಾದೆಯ ಅರವತ್ತೇ! ಟೆಕ್ಸಾಸಿನಲ್ಲಿ 65. ಗಡಿಯೊಂದನ್ನು ದಾಟಿದೊಡನೆ ಅದೇ ರೋಗಿಗೆ ಬೇರೆ ನಿಯಮ ಅನ್ವಯಿಸುವ ಈ ಸ್ಥಿತಿ ವಿವೇಕಕ್ಕೆ ಒಪ್ಪುವುದಲ್ಲ. ದಾರಿ ತಪ್ಪಿದವನಿಗೆ ಸಂಸ್ಥಾನದ ಎಲ್ಲೆಯ ಪರಿವೆ ಎಲ್ಲಿಂದ ಬರಬೇಕು?

ಇನ್ನು ಕಾರ್ಯಕ್ರಮವನ್ನು ನೋಡೋಣ. ಫ್ಲಾರಿಡಾದಲ್ಲಿ ಮನೆಯವರು ಮೊದಲು ತಮ್ಮ ಊರಿನ ಪೋಲೀಸು ಠಾಣೆಗೆ ದೂರು ಕೊಡಬೇಕು. ಅಧಿಕಾರಿಗಳು ವಿಚಾರಣೆ ಮಾಡಿ, ಕಾಣೆಯಾದವರ ಬುದ್ಧಿಶಕ್ತಿ ಗುಣವಾಗದ ರೀತಿಯಲ್ಲಿ ಕ್ಷೀಣಿಸಿರುವುದು ನಿಜವೆಂದೂ, ಅವರ ಪ್ರಾಣಕ್ಕೆ ಅಪಾಯವುಂಟೆಂದೂ ನಿಶ್ಚಯಿಸಿಕೊಳ್ಳಬೇಕು. ನಡೆದುಹೋದವರಿಗಾದರೆ ಆ ಊರಿನ ಮಟ್ಟಿನ ಎಚ್ಚರಿಕೆ ಮಾತ್ರ. ಗಾಡಿಯಲ್ಲಿ ಹೋಗಿದ್ದು, ಆ ಗಾಡಿಯ ಸಂಖ್ಯೆ ಖಚಿತವಾಗಿ ತಿಳಿದಿದ್ದರೆ ಆಗ ಸಂಸ್ಥಾನದ ಮಟ್ಟಿನ ಎಚ್ಚರಿಕೆ ಹೊರಟು ಹೆದ್ದಾರಿಯ ಫಲಕಗಳು ಬೆಳಗುತ್ತವೆ. ಅದೂ ಹೆಚ್ಚೆಂದರೆ ಆರು ಗಂಟೆಯ ಕಾಲ. ಮೊದಲೇ ಸಿಕ್ಕಿದರೆ ಆ ಕೂಡಲೇ ಅಳಿಸಲಾಗುತ್ತದೆ. ಟೆಕ್ಸಾಸಿನಲ್ಲಿ ಇದರ ಜೊತೆಗೆ ವೈದ್ಯರ ಪ್ರಮಾಣಪತ್ರವೂ ಬೇಕು. ಕಾಣೆಯಾಗಿ 72 ಗಂಟೆಗಳು ಮೀರಿರಬಾರದು.

ಫಲಕಕ್ಕೆ ಗಾಡಿಯ ಸಂಖ್ಯೆಯೇ ಏಕೆ ಬೇಕು, ಮನುಷ್ಯನ ಗುರುತು ಏಕೆ ಸಾಲದು, ಎಂದು ವಾಚಕರು ಕೇಳಬಹುದು. ಇದರ ಉತ್ತರ ಗಣಿತದಲ್ಲಿದೆ. ಆ ದೇಶದ ರಸ್ತೆ ಚಿಹ್ನೆಗಳ ಕೈಪಿಡಿಯ 2009ರ ಆವೃತ್ತಿಯಲ್ಲಿ ವಿಧಿಸಿರುವುದನ್ನು ನೋಡಿ: ಒಂದು ಸಲಕ್ಕೆ ಮೂರು ಸಾಲಿಗಿಂತ ಹೆಚ್ಚು ಕೂಡದು, ಸಾಲೊಂದಕ್ಕೆ 20 ಅಕ್ಷರಗಳಿಗಿಂತ ಹೆಚ್ಚು ಕೂಡದು, ಒಂದು ಸಂದೇಶವನ್ನು ಎರಡು ಭಾಗಗಳಾಗಿ ಒಂದರ ಮೇಲೊಂದು ತೋರಿಸಬಹುದು, ಮೂರಾಗಿ ಕೂಡದು. ಹಗಲಿನಲ್ಲಿ ಫಲಕವು 800 ಅಡಿ ದೂರದಿಂದ ಓದಲು ಬರುವಂತಿರಬೇಕು. ಗಂಟೆಗೆ 60 ಮೈಲಿಯ ವೇಗದ ಗಾಡಿ ಒಂದು ಸೆಕೆಂಡಿಗೆ 88 ಅಡಿ ಓಡುತ್ತದೆ. ಎಂದಮೇಲೆ ಓದುವವನಿಗೆ ದೊರೆಯುವ ಕಾಲ ಒಂಬತ್ತು ಸೆಕೆಂಡು! ನಮ್ಮ ಕಛೇರಿಯಲ್ಲಿ ತಲೆಬರಹ ಬರೆಯುವ ಸಹಸಂಪಾದಕರು ಜಾಗ ಸಾಲದೆಂದು ದಿನವೂ ಗೊಣಗುತ್ತಾರೆ. ಅವರಿಗೆ ಈ ಕೈಪಿಡಿಯನ್ನು ತೋರಿಸಬೇಕೆಂದಿದ್ದೇವೆ. ಒಂಬತ್ತು ಸೆಕೆಂಡಿನಲ್ಲಿ ಹೆಸರು, ವಯಸ್ಸು, ಎತ್ತರ, ಉಡುಪು, ಮುಖಲಕ್ಷಣ ಇವನ್ನು ಹೇಳುವುದು ಹೇಗೆ? ಹೇಳಿದರೂ ಆ ವೇಗದಲ್ಲಿ ಹೋಗುವವನು ಪಕ್ಕದ ಗಾಡಿಯೊಳಗಿನ ಮುಖವನ್ನು ಪರೀಕ್ಷಿಸುವುದು ಹೇಗೆ? ಬಣ್ಣ, ಮಾದರಿ, ಸಂಖ್ಯೆ, ಈ ಮೂರನ್ನು ಮಾತ್ರ ಅವನು ಓದಿ, ನೆನಪಿಟ್ಟು, ಎದುರಿನ ಗಾಡಿಯೊಡನೆ ಹೋಲಿಸಬಲ್ಲನು.

ಆದುದರಿಂದ ಈ ಡಂಗುರದ ಶಕ್ತಿಗೆ ಒಂದು ಗೆರೆಯಿದೆ. ನಡೆದುಹೋದವರಿಗೆ ಇದರಿಂದ ಉಪಯೋಗವಿಲ್ಲ. ಮೇಲೆ ಹೇಳಿದ ಅಟ್ಲಾಂಟಾದ ವೃದ್ಧೆಯನ್ನು ಯಾವ ಹೆದ್ದಾರಿಯ ಫಲಕವೂ ಉಳಿಸುತ್ತಿರಲಿಲ್ಲ. ಕಾಲ್ನಡಿಗೆಯಲ್ಲಿ ತಪ್ಪಿಸಿಕೊಂಡ ಮರೆವಿನ ರೋಗಿಗಳು ಬಹುಮಟ್ಟಿಗೆ ಮನೆಯಿಂದ ಒಂದೆರಡು ಮೈಲಿಯೊಳಗೇ ಸಿಕ್ಕುತ್ತಾರೆ. ಪೊದೆಯಲ್ಲಿ, ಹಳ್ಳದಲ್ಲಿ, ಬೇಲಿಯ ಸಂದಿಯಲ್ಲಿ. ಕೂಗಿದರೆ ಓಗೊಡುವುದಿಲ್ಲ, ತಾವು ತಪ್ಪಿಸಿಕೊಂಡಿರುವುದೇ ಅವರಿಗೆ ತಿಳಿದಿರುವುದಿಲ್ಲ. ಅಲ್ಲಿ ಬೇಕಾದುದು ನೆರೆಹೊರೆಯವರು, ನಾಯಿಗಳು, ಮೂಲೆಮೂಲೆಯನ್ನೂ ಶೋಧಿಸುವ ತಾಳ್ಮೆ. 1999ರಲ್ಲಿ ವರ್ಜೀನಿಯಾದಲ್ಲಿ ಆರಂಭವಾದ ‘ಪ್ರಾಜೆಕ್ಟ್ ಲೈಫ್‌ಸೇವರ್’ ಎಂಬ ಸಂಸ್ಥೆ ಇಂತಹವರ ಮುಂಗೈಗೆ ರೇಡಿಯೋ ಸಂಕೇತವನ್ನು ಕಳುಹಿಸುವ ಒಂದು ಪಟ್ಟಿಯನ್ನು ಕಟ್ಟಿಸುತ್ತಿದೆ. ಮಕ್ಕಳ ಮನೆಯಲ್ಲಿರಲು ಅಮೆರಿಕಾಕ್ಕೆ ಹೋಗುವ ನಮ್ಮ ಕನ್ನಡದ ತಾಯಿತಂದೆಗಳಲ್ಲಿ ಬಹುಮಂದಿ ಅಲ್ಲಿ ಗಾಡಿ ನಡೆಸುವುದಿಲ್ಲ. ಅವರಲ್ಲಿ ಯಾರಿಗಾದರೂ ಈ ವಿಪತ್ತು ಬಂದರೆ ಒದಗುವುದು ಹೆದ್ದಾರಿಯ ಫಲಕವಲ್ಲ, ಮನೆಯ ವಿಳಾಸವನ್ನೂ ಮಗನ ಟೆಲಿಫೋನನ್ನೂ ಇಂಗ್ಲಿಷಿನಲ್ಲಿ ಕೆತ್ತಿದ ಒಂದು ಕಡಗ.

ಈ ಪದ್ಧತಿಯ ಮೇಲೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಅವು ಅಲ್ಲಗಳೆಯತಕ್ಕವೂ ಅಲ್ಲ. ಪದೇ ಪದೇ ಕಾಣುವ ಎಚ್ಚರಿಕೆ ಎಚ್ಚರಿಕೆಯಾಗಿ ಉಳಿಯುವುದಿಲ್ಲವೆಂಬುದು ಒಂದು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ತೋಳ ನಿಜವಾಗಿಯೂ ಬಂದಿದ್ದರೂ ದಿನವೂ ಕೂಗಿದರೆ ಜನ ತಲೆಯೆತ್ತುವುದಿಲ್ಲ. ಫಲಕವು ಮುಖ್ಯವಾಗಿ ರಸ್ತೆಯ ಸುರಕ್ಷತೆಗಾಗಿ ಇದ್ದು, ಇತರ ಬರಹಗಳು ನಡೆಸುವವನ ಚಿತ್ತವನ್ನು ಸೆಳೆದು ಅಪಾಯ ತರುವುವೆಂಬುದು ಇನ್ನೊಂದು. ಇದಕ್ಕೆ ಟೆಕ್ಸಾಸಿನ ಒಂದು ಅನುಭವವನ್ನು ಉದಾಹರಿಸಬಹುದು. ಅಲ್ಲಿ 2012ರಿಂದ ಪ್ರತಿ ತಿಂಗಳೂ ಒಂದು ವಾರ, ಆ ವರ್ಷದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರ ಒಟ್ಟು ಸಂಖ್ಯೆಯನ್ನು ಫಲಕಗಳಲ್ಲಿ ತೋರಿಸುತ್ತಿದ್ದರು. ಜನ ಹೆದರಿ ಜಾಗರೂಕರಾಗಲಿ ಎಂಬುದು ಉದ್ದೇಶ. ಹಾಲ್ ಮತ್ತು ಮ್ಯಾಡ್ಸನ್ ಎಂಬಿಬ್ಬರು ವಿದ್ವಾಂಸರು ಲೆಕ್ಕವನ್ನು ಶೋಧಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶವೇನೆಂದರೆ, ಆ ವಾರಗಳಲ್ಲಿ ಫಲಕದಿಂದ ಮುಂದಿನ 10 ಕಿಲೋಮೀಟರಿನೊಳಗೆ ಅಪಘಾತಗಳು ಶೇಕಡಾ 4.5ರಷ್ಟು ಹೆಚ್ಚಿದ್ದುವು! ಒಳ್ಳೆಯ ಉದ್ದೇಶವೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮೃತರ ಸಂಖ್ಯೆಯೂ ಗಾಡಿಯ ಸಂಖ್ಯೆಯೂ ಒಂದೇ ಎಂದು ನಾವು ಹೇಳುವುದಿಲ್ಲ. ಮೊದಲನೆಯದು ಮನಸ್ಸನ್ನು ಕಲಕುತ್ತದೆ, ಎರಡನೆಯದು ಕಣ್ಣಿಗೆ ಕೆಲಸ ಕೊಡುತ್ತದೆ. ಆದರೂ ಬರಹ ಚಿಕ್ಕದಾಗಿರಬೇಕು, ಅಪರೂಪವಾಗಿರಬೇಕು, ಬೇಗ ಅಳಿಯಬೇಕು ಎಂಬ ನಿರ್ಬಂಧಗಳ ಅರ್ಥ ಇದರಿಂದ ಚೆನ್ನಾಗಿ ತಿಳಿಯುತ್ತದೆ. 2010ರಲ್ಲಿ ‘ದಿ ಜೆರೊಂಟಾಲಜಿಸ್ಟ್’ ಪತ್ರಿಕೆಯ ಲೇಖನವೊಂದರಲ್ಲಿಯೂ, ಈ ಕಾರ್ಯಕ್ರಮಗಳು ಪರೀಕ್ಷೆಗೆ ಒಳಗಾಗುವ ಮೊದಲೇ ಸಂಸ್ಥಾನದಿಂದ ಸಂಸ್ಥಾನಕ್ಕೆ ಹಬ್ಬಿದುವೆಂಬ ಟೀಕೆ ಬಂದಿದ್ದಿತು.

ಮಾನದ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ವಯಸ್ಸಿಗೆ ಬಂದ ಮನುಷ್ಯ ಮಗುವಲ್ಲ. ಮನೆಯವರಿಗೆ ಹೇಳದೆ ಹೊರಟುಹೋಗುವ ಹಕ್ಕು ಅವನಿಗುಂಟು. ಅಳಿಯನ ಮೇಲೆ ಮುನಿದು ಊರು ಬಿಟ್ಟ ಮಾವನನ್ನು ಹೆದ್ದಾರಿಯಲ್ಲಿ ಡಂಗುರ ಹೊಡೆದು ಹಿಡಿಸುವುದು ನ್ಯಾಯವಲ್ಲ. ಟೆಕ್ಸಾಸಿನವರು ವೈದ್ಯರ ಪತ್ರವನ್ನು ಕೇಳುವುದು ಇದಕ್ಕಾಗಿಯೇ. ನಡುರಾತ್ರಿಯಲ್ಲಿ ವೈದ್ಯರ ಪತ್ರವನ್ನು ಎಲ್ಲಿಂದ ತರುವುದು, ಅಷ್ಟರಲ್ಲಿ ಗಾಡಿ ಎಷ್ಟು ಮೈಲಿ ಹೋಗಿರುತ್ತದೆ, ಎಂಬುದನ್ನು ನೆನೆದರೆ ನಮಗೆ ಕಳವಳವಾಗುತ್ತದೆ. ಆದರೂ ಆ ಪತ್ರ ಬೇಡವೆಂದು ಹೇಳುವ ಧೈರ್ಯವಿಲ್ಲ. ರೋಗ ಗೊತ್ತಾದಂದೇ ಅದನ್ನು ಬರೆಯಿಸಿ ಗಾಡಿಯ ಸಂಖ್ಯೆಯೊಡನೆ ಪೆಟ್ಟಿಗೆಯಲ್ಲಿಟ್ಟುಕೊಳ್ಳುವುದೊಂದೇ ದಾರಿ. ಫಲಕದಲ್ಲಿ ಹೆಸರಿಲ್ಲದಿರುವುದು ಜಾಗವಿಲ್ಲದ ಕಾರಣದಿಂದಲೇ ಆದರೂ, ಅದರಿಂದ ಆ ಹಿರಿಯರ ಮರ್ಯಾದೆ ಉಳಿಯುತ್ತದೆ. ದೂರದರ್ಶನದಲ್ಲಿಯೂ ವೃತ್ತಪತ್ರಿಕೆಯಲ್ಲಿಯೂ ಭಾವಚಿತ್ರ ಸಹಿತ ‘ಬುದ್ಧಿಭ್ರಮಣೆಯವರು’ ಎಂದು ಬಂದಾಗ ಆ ಮರ್ಯಾದೆ ಉಳಿಯುವುದಿಲ್ಲ. ಈ ಮಾತನ್ನು ಪತ್ರಿಕೆಯವರಾದ ನಾವು ನಮ್ಮ ಮೇಲೆಯೇ ಹೇಳಿಕೊಳ್ಳುತ್ತಿದ್ದೇವೆ.

ಗಾಡಿಯ ಬೀಗದ ಕೈಯನ್ನು ಮೊದಲೇ ತೆಗೆದಿಟ್ಟರೆ ಇಷ್ಟೆಲ್ಲ ಏಕೆ, ಎನ್ನುವವರಿದ್ದಾರೆ. ಅಮೆರಿಕಾದ ಬಹುಭಾಗಗಳಲ್ಲಿ ಬಸ್ಸಿಲ್ಲ, ನಡೆದುಹೋಗುವಷ್ಟು ದೂರದಲ್ಲಿ ಅಂಗಡಿಯಿಲ್ಲ, ಮಕ್ಕಳು ಸಾವಿರ ಮೈಲಿ ದೂರದಲ್ಲಿ. ಅಲ್ಲಿ ಗಾಡಿಯನ್ನು ಕಸಿದುಕೊಂಡರೆ ಒಂದು ಸೇರು ಹಾಲಿಗೂ ಪರರನ್ನು ಬೇಡಬೇಕು. ಗಂಡಸಾದವನು ಹದಿನಾರನೆಯ ವಯಸ್ಸಿನಿಂದ ಹಿಡಿದ ಚಕ್ರವನ್ನು ಬಿಡಲು ಸುಲಭವಾಗಿ ಒಪ್ಪುವುದಿಲ್ಲ. ಆದಕಾರಣ ಮನೆಯವರು ನಾಳೆ ಹೇಳೋಣ, ಬರುವ ತಿಂಗಳು ಹೇಳೋಣ ಎಂದು ದಿನ ತಳ್ಳುತ್ತಾರೆ. ಫಲಕದ ಮೇಲೆ ಮೂಡುವ ಸಂಖ್ಯೆಗಳಲ್ಲಿ ಎಷ್ಟೋ, ಹೀಗೆ ತಳ್ಳಿದ ದಿನಗಳ ಫಲವಾಗಿರಬೇಕು.

ವೃದ್ಧರಲ್ಲದ ದುರ್ಬಲರ ಗತಿಯೇನು, ಎಂಬುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. 2017ರಲ್ಲಿ ವರ್ಜೀನಿಯಾದ ನಾರ್ಫೋಕಿನಲ್ಲಿ 19 ವರ್ಷದ ಯುವತಿಯೊಬ್ಬಳು ಅಪಹೃತಳಾಗಿ ಕೊಲೆಯಾದಳು. ಆಂಬರ್ ಪದ್ಧತಿಗೆ ಅವಳು ದೊಡ್ಡವಳು, ಸಿಲ್ವರ್ ಪದ್ಧತಿಗೆ ಬಹಳ ಚಿಕ್ಕವಳು. ಅವಳ ಹೆಸರಿನಲ್ಲಿ ‘ಆಶಾಂತಿ ಅಲರ್ಟ್’ ಶಾಸನಕ್ಕೆ 2018ರ ಡಿಸೆಂಬರ್ 31ರಂದು ಅಂಕಿತ ಬಿದ್ದು, 18ರಿಂದ 64 ವರ್ಷದವರಿಗೆ ಅದು ಅನ್ವಯಿಸುವಂತಾಯಿತು. ಹುಟ್ಟಿನಿಂದಲೇ ಬುದ್ಧಿ ಬೆಳೆಯದವರು, ತಲೆಗೆ ಪೆಟ್ಟು ಬಿದ್ದವರು ಮುಂತಾದ ವಯಸ್ಕರಿಗಾಗಿ ಫ್ಲಾರಿಡಾದಲ್ಲಿ 2022ರ ಜುಲೈ 1ರಿಂದ ‘ಪರ್ಪಲ್ ಅಲರ್ಟ್’ ಬಂದಿತು. ಬಣ್ಣಗಳು ಹೀಗೆಯೇ ಹೆಚ್ಚುತ್ತ ಹೋದರೆ ದಾರಿಹೋಕನಿಗೆ ಯಾವುದು ಯಾವುದೆಂದು ತಿಳಿಯುವುದು ಕಷ್ಟವೇ ಸರಿ.

ಜಪಾನಿನವರದು ಬೇರೆ ರೀತಿ. ಮರೆವಿನ ರೋಗದಿಂದ ಕಾಣೆಯಾದವರೆಂದು 2023ರಲ್ಲಿ ಅಲ್ಲಿಯ ಪೋಲೀಸಿನವರಲ್ಲಿ ದಾಖಲಾದ ದೂರುಗಳ ಪ್ರಕಾರ 19,039 ಮಂದಿ. ಭೂಕಂಪದ ಮುನ್ನೆಚ್ಚರಿಕೆಗೆಂದು ಊರೂರಿನಲ್ಲಿ ಕಂಬಗಳಿಗೆ ಕಟ್ಟಿರುವ ಧ್ವನಿವರ್ಧಕಗಳಲ್ಲಿ ಅಲ್ಲಿಯ ಅನೇಕ ಪುರಸಭೆಗಳು ಇಂತಹವರ ವಯಸ್ಸು ಉಡುಪುಗಳನ್ನು ಸಾರುತ್ತವೆ. ಇದು ಅಕ್ಷರಶಃ ನಮ್ಮ ಡಂಗುರವೇ. ಇರುಮಾ ಎಂಬ ಪಟ್ಟಣದಲ್ಲಿ 2016ರಿಂದ, ಫೋನಿನಿಂದ ಓದಬಹುದಾದ ಚಿಕ್ಕ ಗುರುತಿನ ಚೀಟಿಯನ್ನು ಹಿರಿಯರ ಉಗುರಿಗೆ ಅಂಟಿಸುವ ಉಪಾಯವನ್ನು ಹೂಡಿದರು. ಅಂಗಿಯನ್ನು ಬದಲಾಯಿಸಿಯಾರು, ಚೀಲವನ್ನು ಬಿಟ್ಟು ಹೊರಟಾರು, ಉಗುರನ್ನು ಬಿಟ್ಟು ಹೋಗಲಾರರಷ್ಟೆ!

ನಮ್ಮ ದೇಶದಲ್ಲಿ 60 ವರ್ಷ ದಾಟಿದವರೊಳಗೆ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿಗೆ ಮರೆವಿನ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಹಿರಿಯರ ಸಹಾಯಕ್ಕೆ 14567 ಎಂಬ ಟೆಲಿಫೋನ್ ಸಂಖ್ಯೆಯಿದೆ. ಪೋಲೀಸಿಗೆ 112 ಇದೆ. ವಿದ್ಯುತ್ ಫಲಕಗಳು ಬೆಂಗಳೂರಿನ ರಸ್ತೆಗಳಲ್ಲಿಯೂ ಕೆಲವು ಹೆದ್ದಾರಿಗಳಲ್ಲಿಯೂ ಬಂದಿವೆ. ಆದರೆ ನಮ್ಮ ಹಿರಿಯರು ದಾರಿ ತಪ್ಪುವುದು ಸ್ವಂತ ಮೋಟಾರಿನಲ್ಲಲ್ಲ. ಅವರು ನಡೆದು ಹೋಗುತ್ತಾರೆ. ಇಲ್ಲವೇ ನಿಂತ ಬಸ್ಸನ್ನು ಹತ್ತುತ್ತಾರೆ. ಅಮೆರಿಕಾದ ಫಲಕವನ್ನು ಇದ್ದಂತೆಯೇ ತಂದು ನಮ್ಮ ಹೆದ್ದಾರಿಗೆ ನೆಟ್ಟರೆ ಅದರಿಂದಾಗುವ ಲಾಭ ಅಲ್ಪ. ನಮ್ಮಲ್ಲಿ ಅದರ ಸ್ಥಾನ ಬಸ್ ನಿಲ್ದಾಣ, ರೈಲು ನಿಲ್ದಾಣ, ದೇವಸ್ಥಾನದ ಅನ್ನಛತ್ರ. ಬಸ್ಸು ನಿರ್ವಾಹಕನು ಆ ದಿನ ಹತ್ತಿ ಇಳಿದ ಮುಖಗಳನ್ನು ನೋಡಿರುತ್ತಾನೆ. ಅವನ ಕೈಯ ಫೋನಿಗೆ ಒಂದು ಭಾವಚಿತ್ರ ಒಂದು ಗಂಟೆಯೊಳಗೆ ತಲುಪಿದರೆ ಸಾಕು. ಮಳೆ ನೆರೆಗಳ ಎಚ್ಚರಿಕೆಯನ್ನು ಒಂದು ಪ್ರದೇಶದ ಎಲ್ಲ ಫೋನುಗಳಿಗೂ ಏಕಕಾಲದಲ್ಲಿ ಕಳುಹಿಸುವ ಪ್ರಯೋಗವನ್ನು ಭಾರತ ಸರ್ಕಾರ 2023ರಲ್ಲಿ ಮಾಡಿ ನೋಡಿದೆ. ಆ ದಿನ ಫೋನುಗಳು ಒಮ್ಮೆಗೇ ಅರಚಿಕೊಂಡುದು ವಾಚಕರಿಗೆ ನೆನಪಿರಬಹುದು. ಅದೇ ಉಪಾಯವನ್ನು ಒಂದು ತಾಲ್ಲೂಕಿನ ಮಟ್ಟಿಗೆ, ಅರಚಾಟವಿಲ್ಲದೆ, ಇದಕ್ಕೂ ಬಳಸಲು ಅಡ್ಡಿಯೇನಿದೆ? ದೂರು ಕೊಡಲು ಬಂದವರಿಗೆ ಬೆಳಗಿನವರೆಗೆ ನೋಡಿರಿ ಎನ್ನದಿರುವಂತೆ ಠಾಣೆಗಳಿಗೆ ಕಟ್ಟಪ್ಪಣೆಯಾಗಬೇಕಾದುದು ಮಾತ್ರ ಎಲ್ಲಕ್ಕೂ ಮೊದಲು.

ಈಗ ಆರಂಭದಲ್ಲಿ ಹೇಳಿದ ಸ್ವಂತ ಕಾರಣ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಎಂಟು ಗಂಟೆಯ ಮೇಲೆ, ನಮ್ಮ ಊರಿನವರೇ ಒಬ್ಬರು ಕಛೇರಿಗೆ ಬಂದರು. ಅವರ ತಂದೆ ನಿವೃತ್ತ ಉಪಾಧ್ಯಾಯರು. ಮಧ್ಯಾಹ್ನ ಊಟ ಮಾಡಿ, ಶಾಲೆಗೆ ಹೊತ್ತಾಯಿತೆಂದು ಹೊರಟವರು ಬಂದಿರಲಿಲ್ಲ. ಠಾಣೆಯಲ್ಲಿ ಬೆಳಗಾಗಲಿ ಎಂದಿದ್ದರು. ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆಗೆ ಭಾವಚಿತ್ರವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮ ಜಾಹೀರಾತು ಗುಮಾಸ್ತರು, ಪುಟ ಕಟ್ಟಿ ಆಯಿತು, ಚಿತ್ರವೂ ಮಸಕಾಗಿದೆ, ಬೇರೆ ಚಿತ್ರ ತಂದರೆ ನಾಳಿದ್ದು ಹಾಕೋಣ ಎಂದರು. ನಾವು ಒಳಗಿನ ಕೊಠಡಿಯಲ್ಲಿ ಅಂದಿನ ಅಗ್ರಲೇಖನದ ಕರಡನ್ನು ತಿದ್ದುತ್ತಿದ್ದೆವು. ಮಾತು ಕಿವಿಗೆ ಬಿದ್ದಿದ್ದಿತು. ಎದ್ದು ಹೊರಗೆ ಹೋಗಲಿಲ್ಲ. ಪ್ರಕಟಣೆ ಮೂರನೆಯ ದಿನ ಬೆಳಗ್ಗೆ ಬಂದಿತು. ಅದೇ ಬೆಳಗ್ಗೆ ಆ ಹಿರಿಯರ ಶರೀರ, ಮನೆಯಿಂದ ಒಂದು ಮೈಲಿಯೂ ಇಲ್ಲದ ಅಡಕೆ ತೋಟದ ಕಾಲುವೆಯ ಬದಿಯಲ್ಲಿ ಸಿಕ್ಕಿತು. ಪ್ರಾಣ ಹೋದುದು ಎರಡನೆಯ ರಾತ್ರಿಯೆಂದು ವೈದ್ಯರು ಹೇಳಿದರು. ಮೊದಲ ಬೆಳಗ್ಗೆಯೇ ಪ್ರಕಟಿಸಿದ್ದರೆ ಆ ತೋಟದ ದಾರಿಯಲ್ಲಿ ಹೋಗುವ ಯಾರಾದರೂ ಓದಿ ಇಣುಕಿ ನೋಡುತ್ತಿದ್ದರೋ ಇಲ್ಲವೋ, ಹೇಳಲಾರೆವು. ಆ ಮಗ ಕೆಲವು ದಿನಗಳ ಅನಂತರ ವೈಕುಂಠ ಸಮಾರಾಧನೆಯ ಪ್ರಕಟಣೆಯನ್ನು ತಂದು, ಎರಡಕ್ಕೂ ಸೇರಿ ಹಣ ಕೊಟ್ಟುಹೋದರು. ಚಿತ್ರ ಅದೇ, ಅದು ಮಸಕಾಗಿದೆಯೆಂದು ಆಗ ಯಾರೂ ಹೇಳಲಿಲ್ಲ.

ಇನ್ನು ಮುಂದೆ ನಮ್ಮ ಕಛೇರಿಯಲ್ಲಿ ಕಾಣೆಯಾದ ಹಿರಿಯರ ಮತ್ತು ಬುದ್ಧಿದುರ್ಬಲರ ಪ್ರಕಟಣೆಗಳನ್ನು ರಾತ್ರಿ ಯಂತ್ರ ತಿರುಗುವವರೆಗೂ ಸ್ವೀಕರಿಸಲಾಗುವುದು. ಇವಕ್ಕಾಗಿ ಮೊದಲ ಪುಟದ ಕೆಳಗಿನ ಎಡ ಮೂಲೆಯಲ್ಲಿ ಮೂರು ಅಂಗುಲ ಜಾಗವನ್ನು ಕಾದಿರಿಸಿದ್ದೇವೆ. ಪ್ರಕಟಣೆ ಇಲ್ಲದ ದಿನ ಅಲ್ಲಿ ಊರಿನ ವರ್ತಮಾನ ಬರುತ್ತದೆ. ಶುಲ್ಕವಿಲ್ಲ. ಚಿತ್ರ ಹೇಗಿದ್ದರೂ ಆಗಬಹುದು.